ಹಾಕದ ಸುತ್ತು

ಹದಿನಾರು ವರ್ಷ ಹಾಯಿದೋಣಿ ಓಡಿಸಿದವಳು ಗಾಳಿಯನ್ನು ನಂಬುವುದಿಲ್ಲ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಡಹುಟ್ಟಿದವಳನ್ನೂ ನಂಬುವುದು ಬಿಟ್ಟೆ.

ನಮ್ಮದು ಇಬ್ಬರ ದೋಣಿ. ಚುಕ್ಕಾಣಿ ನನ್ನದು. ಮುಂದಿನ ಹಾಯಿ ಹಿಡಿಯುವುದು, ದೋಣಿ ಮಗುಚದಂತೆ ಹೊರಗೆ ಬಾಗಿ ತೂಗುವುದು ತಂಗಿಯ ಕೆಲಸ. ದೇಶದ ತಂಡದಲ್ಲಿ ಒಂದೇ ದೋಣಿಗೆ ಜಾಗ. ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. ನನಗೀಗ ಮೂವತ್ತಾರು, ಇನ್ನೊಂದು ಸಲ ಎಂಬುದಿಲ್ಲ.

ಆಯ್ಕೆಯ ಪಂದ್ಯಗಳ ಮೊದಲ ಸಂಜೆಯೇ ಅವಳು ಎದುರಾಳಿ ದೋಣಿಯ ಕೋಚ್ ಜೊತೆ ಪಿಸುಗುಟ್ಟುವುದನ್ನು ಕಂಡೆ. "ಏನಂತೆ?" ಅಂದೆ.

"ಏನಿಲ್ಲಕ್ಕ, ಸುಮ್ನೆ," ಎಂದು ಸುತ್ತಿಟ್ಟ ಹಗ್ಗವನ್ನೇ ಮತ್ತೆ ಸುತ್ತತೊಡಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ! ಆಮೇಲೆ ಅವಳು ಹಾಕಿದ ಗಂಟುಗಳನ್ನೆಲ್ಲ ನಾನೊಮ್ಮೆ ಎಳೆದು ನೋಡುತ್ತಿದ್ದೆ. ಅವಳು ಕಂಡೂ ಕಾಣದಂತಿದ್ದಳು.

ಕೊನೆಯ ದಿನದ ಕೊನೆಯ ಓಟ. ಗೆದ್ದವರಿಗೆ ತಂಡದ ಜಾಗ. ತಿರುವಿನ ಗುರುತಿಗೆ ನೀರಲ್ಲಿ ತೇಲಿಬಿಟ್ಟ ಕಿತ್ತಳೆ ಬಣ್ಣದ ಡ್ರಮ್ಮನ್ನು ಕೊನೆಯ ಸಲ ಬಳಸಿ ತಿರುಗಿದಾಗ ನಾವೇ ಮುಂದಿದ್ದೆವು.

"ಅಕ್ಕ, ಡ್ರಮ್ಮಿಗೆ ನನ್ನ ಬೆನ್ನು ತಾಗ್ತು. ಸುತ್ತು ಹಾಕು."

ನಮ್ಮ ಆಟದಲ್ಲಿ ಸೀಟಿ ಊದುವವರಿಲ್ಲ. ಡ್ರಮ್ಮಿಗೆ ದೋಣಿ ತಾಗಲಿ, ದೋಣಿಯಲ್ಲಿದ್ದವರ ಮೈ ತಾಗಲಿ, ನಾವಾಗಿಯೇ ದೋಣಿ ತಿರುಗಿಸಿ ಅಲ್ಲೇ ಒಂದು ಸುತ್ತು ಹಾಕಿ ಶಿಕ್ಷೆ ತೀರಿಸಬೇಕು. ಹಾಕಿದರೆ ಹಿಂದಿದ್ದ ಅದೇ ಕೋಚಿನ ದೋಣಿ ಗೆದ್ದಂತೆ.

"ಇದನ್ನೂ ಅವ್ರೇ ಹೇಳ್ಕೊಟ್ರಾ?"

ಸುತ್ತು ಹಾಕದೆ ದೋಣಿಯನ್ನು ನೇರ ಗುರಿಯತ್ತ ಬಿಟ್ಟೆ. ಅವಳು ಕೊನೆಯವರೆಗೂ ಮೈಯೆಲ್ಲ ಹೊರಚೆಲ್ಲಿ ತೂಗಿದಳು. ಗೆದ್ದೆವು.

ದಡದಲ್ಲಿ ಅವಳು ಜಾಕೆಟ್ ಕಳಚಿ ನನ್ನ ಮುಂದೆ ಹಿಡಿದಳು. ಬೆನ್ನಿನ ಮೇಲೆ ಅಂಗೈಯಗಲ ಕಿತ್ತಳೆ ಬಣ್ಣ.

"ಮತ್ತೆ ಆ ಕೋಚು?"

"ಅವ್ರ ದೋಣೀಲಿ ಮುಂದಿನ ಹಾಯಿ ಹಿಡಿಯೋ ಹುಡುಗಿ ಬಿಡ್ತಾಳಂತೆ, ಆ ಜಾಗಕ್ಕೆ ನೀನು ಬಾ ಅಂದ್ರು. ಅಕ್ಕನ್ನ ಬಿಟ್ಟು ಬರಲ್ಲ ಅಂದೆ. ಹೇಳಿದ್ರೆ ನೀನು ತಲೆ ಕೆಡಿಸ್ಕೋತೀಯ ಅಂತ ಸುಮ್ನಿದ್ದೆ."

ನಾಚಿಕೆಯಿಂದ ಕುಗ್ಗಿಹೋದೆ. ನೇರವಾಗಿ ಪಂದ್ಯದ ಆಫೀಸಿಗೆ ಹೋಗಿ, ಡ್ರಮ್ ತಾಗಿತ್ತು, ನಮ್ಮ ಗೆಲುವು ರದ್ದು ಮಾಡಿ ಎಂದೆ. ಹೊರಬಂದಾಗ ತಂಗಿ ಎಲ್ಲರೆದುರೇ ಆ ಕೋಚ್ ಜೊತೆ ಮಾತಾಡುತ್ತಿದ್ದಳು.

"ರದ್ದು ಮಾಡಿಸ್ದೆ ಕಣೇ," ಅಂದೆ.

"ಒಳ್ಳೇದು ಮಾಡ್ದೆ ಅಕ್ಕ. ನಾಳೆಯಿಂದ ನಾನು ಇವ್ರ ದೋಣಿಗೆ ಹೋಗ್ತೀನಿ. ನಾನು ಹಾಕಿದ ಗಂಟನ್ನೆಲ್ಲ ನೀನು ಎಳೆದು ನೋಡೋದು ಕಂಡಿದ್ದೆ. ನಿನ್ನ ಜೊತೆ ಸೋಲೋದು ನಂಗ್ಯಾವತ್ತೂ ಕಷ್ಟ ಆಗಿರ್ಲಿಲ್ಲ."