ಹೆಬ್ಬೆರಳಿಲ್ಲದ ಕಾರ್ಮಿಕ

ಮುನ್ನೂರ ಹನ್ನೆರಡು ಪ್ರತಿಗಳು ಅಂಚೆಯ ಚೀಲಕ್ಕೆ ಬಿದ್ದ ಮರುದಿನ ಬೆಳಿಗ್ಗೆ, ಮಿನ್ ಬೋಚುವಾನ್‌ನ ಹೆಂಡತಿ ಯೂಝೆನ್ ತನ್ನ ಗಂಡನ ಪತ್ರಿಕೆಯನ್ನು ನಾಲ್ಕು ವರ್ಷಗಳಲ್ಲಿ ಮೊದಲ ಸಲ ಓದಿದಳು. ಓದಬೇಕೆಂದು ಓದಿದ್ದಲ್ಲ. ಗಂಜಿಯ ಪಾತ್ರೆಯ ಕೆಳಗಿಡಲು ಏನಾದರೂ ಬೇಕಾಗಿತ್ತು. ಕೈಗೆ ಸಿಕ್ಕಿದ್ದು ‘ತೈಹೂ ಅಂಚೆಚೀಟಿ ಮಿತ್ರ’ದ ಮೂವತ್ತೆಂಟನೆಯ ಸಂಚಿಕೆ, ತೆರೆದುಕೊಂಡದ್ದು ಹನ್ನೊಂದನೆಯ ಪುಟ.

“‘ಸದಸ್ಯರಿಗೆಲ್ಲ ಸಿಹಿಸುದ್ದಿ!’” ಎಂದು ಅವಳು ಗಟ್ಟಿಯಾಗಿ ಓದಿದಳು. “‘ಹೊಸ ಎಂಟುನೂರು ಯುವಾನ್ ಚೀಟಿಯ ಹಾಳೆಯಲ್ಲಿ, ಮೂರನೆಯ ಸಾಲಿನ ಏಳನೆಯ ಚೀಟಿಯಲ್ಲಿ, ಬಾವುಟ ಹಿಡಿದ ಕಾರ್ಮಿಕನಿಗೆ ಹೆಬ್ಬೆರಳೇ ಇಲ್ಲ! ಎಷ್ಟು ವರ್ಷಗಳ ಮೇಲೆ ಇಂಥ ಸೊಗಸಾದ ತಪ್ಪು! ಮುದ್ರಣಾಲಯ ಹೀಗೇ ನಮ್ಮ ಮೇಲೆ ಕೃಪೆ ತೋರುತ್ತಿರಲಿ.’ ಇದನ್ನ ಬರೆದೋರು ಯಾರು?”

“ನಾನೇ,” ಎಂದ ಮಿನ್, ಉಪ್ಪು ಹಾಕಿದ ಮೂಲಂಗಿ ಕಚ್ಚುತ್ತ. “ಚೆನ್ನಾಗಿಲ್ವಾ?”

“ತುಂಬಾ ಚೆನ್ನಾಗಿದೆ. ಸರ್ಕಾರದ ಮುದ್ರಣಾಲಯ ತಪ್ಪು ಮಾಡಿದೆ, ಕಾರ್ಮಿಕನ ಬೆರಳು ಹೋಗಿದೆ, ನಿಮಗೆ ಸಿಹಿಸುದ್ದಿ. ಇನ್ನಷ್ಟು ಹೋಗ್ಲಿ ಅಂತ ಹರಕೆ ಬೇರೆ. ಹತ್ತನೇ ತಾರೀಕು ನೋಂದಣಿಗೆ ಹೋಗೋದು ನೀವೇ ತಾನೆ?”

ಮೂಲಂಗಿ ಮಿನ್‌ನ ಬಾಯಲ್ಲಿ ಅರ್ಧಕ್ಕೇ ನಿಂತಿತು.

ಚೀನಾದಲ್ಲಿ ಕಮ್ಯುನಿಸ್ಟರ ಹೊಸ ಸರ್ಕಾರ ಬಂದು ಎರಡು ವರ್ಷವಾಗುತ್ತ ಬಂದಿತ್ತು. ವೂಶಿ ನಗರದ ಎಲ್ಲ ಸಂಘಗಳೂ ಪತ್ರಿಕೆಗಳೂ ಹತ್ತನೆಯ ತಾರೀಖಿನೊಳಗೆ ಸಂಸ್ಕೃತಿ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ಒಪ್ಪಿಗೆ ಸಿಗದವು ಬಾಗಿಲು ಮುಚ್ಚಬೇಕು ಎಂದು ಆಜ್ಞೆಯಾಗಿತ್ತು. ಹಿಂದಿನ ಬೀದಿಯ ಹಳೇ ನಾಟಕ ಮಂಡಳಿ ಈಗಾಗಲೇ ಮುಚ್ಚಿತ್ತು. ಅದರ ಕಾರ್ಯದರ್ಶಿ ವಾರಕ್ಕೆರಡು ಸಲ ಅಧಿಕಾರಿಗಳು ಕರೆಸಿದ ಯಾವುದೋ ಕೋಣೆಯಲ್ಲಿ ಕೂತು ತನ್ನ ಜೀವನಚರಿತ್ರೆ ಬರೆಯುತ್ತಿದ್ದ. ಎಷ್ಟು ಬರೆದರೂ ಓದುವವರಿಗೆ ತೃಪ್ತಿಯಾಗುತ್ತಿರಲಿಲ್ಲವಂತೆ. ರೇಷ್ಮೆ ಗಿರಣಿಯ ಗುಮಾಸ್ತಿಕೆಯಿಂದ ನಿವೃತ್ತನಾದ ಮಿನ್‌ಗೆ ಪತ್ರಿಕೆ ಬಿಟ್ಟರೆ ಬೇರೆ ಜೀವನಚರಿತ್ರೆ ಇರಲಿಲ್ಲ. ಅದು ಉಳಿಯಬೇಕು, ಅದರಿಂದಾಗಿ ತಾನು ಆ ಕೋಣೆಗೆ ಹೋಗಬಾರದು: ಆ ಬೆಳಿಗ್ಗೆಯಿಂದ ಅವನಿಗೆ ಇವೆರಡೇ ಚಿಂತೆ.

ಗಂಜಿ ಬಿಟ್ಟು ಅಂಚೆ ಕಚೇರಿಗೆ ಓಡಿದ. ಚೀಲಗಳು ಮುಂಜಾವಿನ ರೈಲಿಗೇ ಹೋಗಿದ್ದವು. ಅಲ್ಲೇ ನಿಂತು ಮುನ್ನೂರ ಹನ್ನೆರಡು ಕಾರ್ಡು ಕೊಂಡ. ಮನೆಗೆ ಬಂದು ಬೆರಳು ನೋಯುವ ತನಕ ಒಂದೇ ವಾಕ್ಯ ಬರೆದ. ನಿಜವಾದ ಕಾರಣ ಬರೆಯುವ ಹಾಗಿರಲಿಲ್ಲ. ಕಾರ್ಡನ್ನು ಯಾರು ಬೇಕಾದರೂ ಓದಬಹುದು. ಹಾಗಾಗಿ ಬರೆದದ್ದು ಇಷ್ಟು: ‘ಮುದ್ರಣದೋಷದ ಕಾರಣ ಸಂಚಿಕೆ 38ನ್ನು ಹಿಂದಕ್ಕೆ ಪಡೆಯಲಾಗುತ್ತಿದೆ. ದಯವಿಟ್ಟು ಕೂಡಲೇ ಮರಳಿಸಿ.’

ಸೇವಂತಿಗೆ ಬೆಳೆಯುವವರ ಸಂಘಕ್ಕೋ ಜೀರುಂಡೆ ಸಾಕುವವರ ಸಂಘಕ್ಕೋ ಇದನ್ನು ಬರೆದಿದ್ದರೆ ಪ್ರತಿಗಳು ಮೂರು ದಿನದಲ್ಲಿ ವಾಪಸು ಬರುತ್ತಿದ್ದವು. ಮಿನ್ ಬರೆದದ್ದು ಅಂಚೆಚೀಟಿ ಸಂಗ್ರಹಿಸುವವರಿಗೆ. ದೋಷವಿದೆ, ಹಿಂದಕ್ಕೆ ಪಡೆಯುತ್ತಿದ್ದಾರೆ, ಕೆಲವೇ ಉಳಿಯುತ್ತವೆ ಎಂದು ಮುನ್ನೂರ ಹನ್ನೆರಡು ಮಂದಿಗೆ ತಾನೇ ಕೈಯಾರೆ ಬರೆದು ತಿಳಿಸಿದ್ದೇನೆಂಬುದು, ಮೂವತ್ತು ವರ್ಷ ಚೀಟಿ ಕೂಡಿಟ್ಟ ಅವನಿಗೇ ಹೊಳೆಯಲಿಲ್ಲ. ಹೆದರಿಕೆಯಲ್ಲಿ ಮನುಷ್ಯ ಗುಮಾಸ್ತನ ಹಾಗೆ ಯೋಚಿಸುತ್ತಾನೆ.

ಅದು ಹೊಳೆಯುವಂತೆ ಮಾಡಿದವನು ದಂತವೈದ್ಯ ಬಾವ್ ಕೆಮಿಂಗ್, ಅಂಚೆಚೀಟಿ ಸಂಘದ ಸದಸ್ಯ ಸಂಖ್ಯೆ ಒಂಬತ್ತು. ಮೂರನೆಯ ದಿನ ಭೂತಗನ್ನಡಿ ಹಿಡಿದುಕೊಂಡೇ ಮನೆಗೆ ಬಂದ.

“ಮಿನ್ ಅಣ್ಣ, ಸತ್ಯ ಹೇಳಿ. ನಾಲ್ಕನೇ ಪುಟದ ಶಾಯಿ ಚುಕ್ಕೆನೋ, ಒಂಬತ್ತನೇ ಪುಟದಲ್ಲಿ ಸಾಲು ಓರೆಯಾಗಿರೋದೋ? ನನ್ನ ಹೆಂಡ್ತಿ ಚುಕ್ಕೆ ಅಂತಾಳೆ.”

“ಎರಡೂ ಅಲ್ಲ. ಸುಮ್ನೆ ಪ್ರತಿ ಕೊಟ್ಬಿಡು ಬಾವ್.”

“ಎರಡೂ ಅಲ್ವಾ! ಹಾಗಾದ್ರೆ ಮೂರನೇದೂ ಇದೆ!” ಬಾವ್‌ನ ಕಣ್ಣು ಮಿನುಗಿತು. “ನಾನ್‌ಜಿಂಗ್‌ನಿಂದ ನನಗೆ ಕಾಗದ ಬಂದಿದೆ, ಮೂವತ್ತೆಂಟಕ್ಕೆ ಒಂದು ಇಡೀ ಕಟ್ಟು ಮಂಚೂರಿಯಾ ಚೀಟಿ ಕೊಡ್ತಾರಂತೆ. ನೀವು ಚೂರು ಸುಳಿವು ಕೊಡ್ಬಾರ್ದಾ?”

“ಅಯ್ಯೋ ಮಾರಾಯ, ಅದನ್ನ ಸುಟ್ಟುಬಿಡು!”

“ಸುಡೋದಾ?” ಬಾವ್ ಮೆಲ್ಲಗೆ ಎದ್ದು ನಿಂತ. “ಅಷ್ಟು ಅಪರೂಪದ್ದಾ?”

ಮರಳಿ ಬಂದದ್ದು ನಾಲ್ಕೇ ಪ್ರತಿ. ಎರಡನೆಯ ಪ್ರತಿ ಬೇಕೆಂದು ಬಂದ ಕಾಗದಗಳು ಎಪ್ಪತ್ತೊಂದು. ಇಡೀ ಪ್ರಾಂತ್ಯದಲ್ಲಿ ಜನ ಹೆಬ್ಬೆರಳಿನ ಸುದ್ದಿಯಿರುವ ಪುಟವನ್ನು ಭೂತಗನ್ನಡಿಯಿಟ್ಟು ಅಕ್ಷರ ಅಕ್ಷರ ನೋಡುತ್ತಿದ್ದಾರೆಂದು ನೆನೆದರೆ ಮಿನ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಲುವೆಯ ಕಲ್ಲುಸೇತುವೆಯ ತನಕ ಹೋಗುವುದು, ಬಾಗಿಲಲ್ಲಿ ಯಾರಾದರೂ ನಿಂತಿದ್ದಾರೇನೋ ಎಂದು ವಾಪಸು ಬರುವುದು, ಯಾರೂ ಇಲ್ಲವೆಂದು ಮತ್ತೆ ಹೊರಡುವುದು. “ಸೇತುವೆ ಅಲ್ಲೇ ಇದೆಯಾ?” ಎಂದು ಯೂಝೆನ್ ಕೇಳುತ್ತಿದ್ದಳು.

ಮನೆಯಲ್ಲಿ ಉಳಿದಿದ್ದ ಹತ್ತೊಂಬತ್ತು, ಬಂದ ನಾಲ್ಕು, ಒಟ್ಟು ಇಪ್ಪತ್ತಮೂರನ್ನೂ ಒಲೆಗೆ ಹಾಕಿಸಿದವಳು ಅವಳೇ. ಒಂದನ್ನು ಬಚ್ಚಿಡಲು ಮಿನ್‌ನ ಕೈ ಅಂಗಿಯೊಳಗೆ ಹೋಗಿತ್ತು. ಅವಳು ಒಲೆಯ ಇಕ್ಕಳ ಹಿಡಿದು ಸುಮ್ಮನೆ ನೋಡಿದಳು. ಕೈ ಹೊರಗೆ ಬಂತು.

ಎಂಟನೆಯ ತಾರೀಖು ಮಿನ್ ಸಂಸ್ಕೃತಿ ಕಚೇರಿಯ ಗೋಡೆಯ ಪ್ರಕಟಣೆಯನ್ನು ಮೊದಲ ಬಾರಿಗೆ ಕೊನೆಯ ತನಕ ಓದಿದ. ಅದುವರೆಗೆ ಮೇಲಿನ ಮೂರು ಸಾಲು ಓದಿಯೇ ಬೆವೆತು ವಾಪಸಾಗುತ್ತಿದ್ದ. ಐದನೆಯ ಸಾಲು ಹೀಗಿತ್ತು: ಅರ್ಜಿಯ ಜೊತೆ ಮೊದಲ ಸಂಚಿಕೆಯಿಂದ ಇತ್ತೀಚಿನದರ ತನಕ ಎಲ್ಲ ಸಂಚಿಕೆಗಳನ್ನೂ ಒಪ್ಪಿಸಬೇಕು. ಒಂದು ಕಡಿಮೆಯಿದ್ದರೂ ಕಾರಣ ವಿವರಿಸಬೇಕು.

ತಾನೇ ಸಂಪಾದಿಸಿದ ಸಂಚಿಕೆಗಾಗಿ ಮಿನ್ ದಂತವೈದ್ಯನ ಬಾಗಿಲಿಗೆ ಹೋದ.

“ಕೊಡೋಣ,” ಎಂದ ಬಾವ್. “ಅದಕ್ಕೇನಂತೆ. ನಿಮ್ಮ ಹತ್ರ ದೊಡ್ಡ ಡ್ರ್ಯಾಗನ್ ಚೀಟಿ, ಮೂರರ ಬೆಲೆಯ ಕೆಂಪು, ಇದೆಯಲ್ಲ?”

ಅದು ರಾಜರ ಕಾಲದ, ದೇಶದ ಮೊಟ್ಟಮೊದಲ ಚೀಟಿಗಳಲ್ಲೊಂದು. ಜಪಾನೀಯರು ಊರಿಗೆ ಬಂದಾಗ ಮಿನ್ ಅದನ್ನು ಬೂಟಿನೊಳಗಿಟ್ಟುಕೊಂಡು ಹನ್ನೆರಡು ದಿನ ನಡೆದಿದ್ದ.

“ಬಾವ್, ನಾವು ಇಪ್ಪತ್ತು ವರ್ಷದ ಸ್ನೇಹಿತರು.”

“ಸ್ನೇಹ ಬೇರೆ, ವಿನಿಮಯ ಬೇರೆ ಅಂತ ಸಂಘದ ನಿಯಮಾವಳಿ ಬರೆದೋರು ಯಾರು? ನೀವೇ. ಏಳನೇ ಕಲಮು.”

ಚೀಟಿ ಕೈ ಬದಲಾಯಿಸಿತು. ಬಾವ್ ಸಂಚಿಕೆಯನ್ನು ಪಾರದರ್ಶಕ ಕಾಗದದಲ್ಲಿ ಸುತ್ತಿಟ್ಟಿದ್ದ. ಕೊಡುವಾಗ ಅವನಿಗೂ ಕಣ್ಣು ತುಂಬಿಬಂತು. “ಮಡಿಕೆ ಬೀಳಿಸ್ಬೇಡಿ ಮಿನ್ ಅಣ್ಣ. ಒಂದು ಗೀರೂ ಇಲ್ಲ ನೋಡಿ.”

ಹತ್ತನೆಯ ತಾರೀಖು ಮಿನ್ ಸಂಸ್ಕೃತಿ ಕಚೇರಿಯ ಬೆಂಚಿನ ಮೇಲೆ ಕೂತಾಗ ಜೇಬಿನಲ್ಲಿ ಗಡ್ಡದ ಬ್ಲೇಡಿತ್ತು. ಹನ್ನೊಂದನೆಯ ಪುಟವನ್ನು ಹೊಲಿಗೆಯ ಪಕ್ಕದಲ್ಲಿ ನೇರ ಕೊಯ್ದರೆ ಗೊತ್ತಾಗುವುದಿಲ್ಲ. ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿಕೊಂಡು ಬಂದಿದ್ದ. ಮುಂದೆ ಆರು ಜನರಿದ್ದರು. ಸಂಚಿಕೆ ತೆರೆದ. ಬ್ಲೇಡು ತೆಗೆದ. ಮುಂದೆ ನಾಲ್ಕು ಜನ. ಅಂಚುಗಳು ಚೂಪು, ಮಡಿಕೆಯಿಲ್ಲ, ಗೀರಿಲ್ಲ, ಬಹುಶಃ ಭೂಮಿಯ ಮೇಲೆ ಉಳಿದ ಅತ್ಯುತ್ತಮ ಪ್ರತಿ. ಮುಂದೆ ಇಬ್ಬರು. ಮಿನ್ ತನ್ನನ್ನು ತಾನು ಮನಸಾರೆ ಬೈದುಕೊಂಡ, ಬ್ಲೇಡನ್ನು ಜೇಬಿಗೆ ಹಾಕಿದ. ಕೈ ಬರಲಿಲ್ಲ, ಅಷ್ಟೆ.

ಒಳಗಿದ್ದವಳು ಕಾಮ್ರೇಡ್ ಚ್ಯಾವ್, ಇಪ್ಪತ್ತೈದರ ಆಸುಪಾಸಿನ ಹುಡುಗಿ, ಉತ್ತರದ ಕಡೆಯ ಮಾತು. ಮೂವತ್ತೇಳು ಸಂಚಿಕೆಗಳನ್ನು ಆಕಳಿಕೆ ನುಂಗುತ್ತ ತಿರುವಿದಳು. ಮೂವತ್ತೆಂಟರ ಹನ್ನೊಂದನೆಯ ಪುಟದಲ್ಲಿ ನಿಂತಳು.

“ಇದು ಯಾರಿಗೆ ಸಿಹಿಸುದ್ದಿ?”

“ಸಂಗ್ರಾಹಕರಿಗೆ, ಕಾಮ್ರೇಡ್.”

“ತಪ್ಪಾದ್ರೆ ನಿಮಗೆ ಖುಷಿ.”

“ಹೌದು,” ಎಂದುಬಿಟ್ಟ ಮಿನ್. ಹತ್ತು ದಿನ ಅಭ್ಯಾಸ ಮಾಡಿದ್ದ ಉತ್ತರ ಬೇರೆಯಿತ್ತು.

“ಅಂದ್ರೆ ಸರಿಯಾಗಿರೋದನ್ನ ನೀವು ನೋಡೋದೇ ಇಲ್ಲ.”

“ನೋಡ್ತೀವಿ ತಾಯಿ, ಎಲ್ಲವನ್ನೂ ನೋಡ್ತೀವಿ. ತೊಂಬತ್ತೊಂಬತ್ತು ಸರಿಯಾಗಿದೆ ಅಂತ ಖಾತ್ರಿಯಾದ ಮೇಲೇ ನೂರನೇದು ಸಿಗೋದು. ನಮ್ಮಷ್ಟು ಯಾರೂ ನೋಡಲ್ಲ.”

ಅವಳು ಅದನ್ನು ಬರೆದುಕೊಂಡಳು. ಸಾಕಷ್ಟು ಉದ್ದವಾಗಿಯೇ ಬರೆದುಕೊಂಡಳು. ಮೂವತ್ತೇಳನ್ನೂ ಒಂದು ಕಡೆ, ಮೂವತ್ತೆಂಟನ್ನು ಇನ್ನೊಂದು ಕಡೆ ಇಟ್ಟಳು. “ಮೇಲಿನವರು ನೋಡ್ತಾರೆ. ಹೋಗಿ ಬನ್ನಿ.”

ಮುಂದಿನ ಹದಿನೇಳು ದಿನಗಳಲ್ಲಿ ಮಿನ್ ಕಲ್ಲುಸೇತುವೆಗೆ ಎಷ್ಟು ಸಲ ಹೋಗಿ ಬಂದನೆಂದರೆ, ಅಲ್ಲಿ ಬಟ್ಟೆ ಒಗೆಯುವ ಹೆಂಗಸರು ಅವನಿಗೆ ಸ್ಟೂಲು ಹಾಕಿಕೊಡುವ ಮಾತಾಡಿದರು. ಹದಿನೆಂಟನೆಯ ದಿನ ಕಾಗದ ಬಂತು. ಸಂಘಕ್ಕೆ ಒಪ್ಪಿಗೆ. ಪತ್ರಿಕೆಗೂ ಒಪ್ಪಿಗೆ; ಅಚ್ಚಿಗೆ ಮೊದಲು ಪ್ರತಿ ಸಂಚಿಕೆಯನ್ನು ತೋರಿಸಬೇಕು. ಮುದ್ರಣದ ತಪ್ಪುಗಳ ಬಗ್ಗೆ ಇನ್ನು ಒಂದಕ್ಷರವನ್ನೂ ಪ್ರಕಟಿಸಕೂಡದು; ಅಂಥದ್ದು ಕಂಡರೆ ನೇರವಾಗಿ ಮುದ್ರಣಾಲಯಕ್ಕೆ ತಿಳಿಸತಕ್ಕದ್ದು.

ಯೂಝೆನ್ ಕಾಗದವನ್ನು ಎರಡು ಸಲ ಓದಿ, ಮಾರುಕಟ್ಟೆಗೆ ಹೋಗಿ ಹಂದಿಯ ಪಕ್ಕೆಲುಬು ತಂದು ಸಕ್ಕರೆ, ಸೋಯಾ ಹಾಕಿ ಬೇಯಿಸಿದಳು. “ಇನ್ನಾದ್ರೂ ನೆಮ್ಮದಿಯಾಗಿ ಕೂತ್ಕೊಳ್ಳಿ,” ಎಂದಳು. ಮಿನ್ ಕೂತ. ನಾಲ್ಕು ದಿನ ಕೂತ.

ಐದನೆಯ ದಿನ ಹೊಸ ಚೀಟಿ ಬಿಡುಗಡೆಯಾಯಿತು: ಕಾರ್ಖಾನೆ, ಮೂರು ಚಿಮಣಿ, ಮೂರರಿಂದಲೂ ಹೊಗೆ. ಮಿನ್ ಒಂದು ಹಾಳೆ ತಂದು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಮೊದಲ ಚೀಟಿಯಿಂದ ಶುರುಮಾಡಿದ. ಐದನೆಯ ಸಾಲಿನ ಎರಡನೆಯ ಚೀಟಿಯಲ್ಲಿ ನಡುವಿನ ಚಿಮಣಿಗೆ ಹೊಗೆ ಇರಲಿಲ್ಲ. ಕಾರ್ಖಾನೆಯ ಮೂರನೆಯ ಒಂದು ಭಾಗ ಕೆಲಸ ನಿಲ್ಲಿಸಿ ಕೂತಿತ್ತು.

ಮುದ್ರಣಾಲಯಕ್ಕೆ ತಿಳಿಸಿದರೆ ಅಚ್ಚು ಸರಿಮಾಡುತ್ತಾರೆ. ಹಾಗೆಯೇ ಅದನ್ನು ಕೆತ್ತಿದ ಯಾವನೋ ಬಡಪಾಯಿ ಒಂದು ಕೋಣೆಯಲ್ಲಿ ಕೂತು ಜೀವನಚರಿತ್ರೆ ಬರೆಯಲು ಶುರುಮಾಡುತ್ತಾನೆ. ಪತ್ರಿಕೆಯಲ್ಲಿ ಹಾಕುವಂತಿಲ್ಲ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಇದೆಲ್ಲ ಸ್ಪಷ್ಟವಾಗಿತ್ತು. ಮಿನ್ ಸೇತುವೆಗೆ ಹೋಗಿ ಬಂದ. ಮತ್ತೆ ಹೋಗಿ ಬಂದ. ಮೂರನೆಯ ಸಲ ಹಾಳೆಯನ್ನು ಅಂಗಿಯೊಳಗಿಟ್ಟುಕೊಂಡು ಸೇತುವೆ ದಾಟಿಯೇಬಿಟ್ಟ.

ದಂತವೈದ್ಯನ ಅಂಗಡಿಯಲ್ಲಿ ಕೆನ್ನೆ ಊದಿಸಿಕೊಂಡ ಮೂವರ ಹಿಂದೆ ಸರದಿಯಲ್ಲಿ ಕೂತ. ಸರದಿ ಬಂದಾಗ ಒಳಗೆ ಹೋಗಿ ಕುರ್ಚಿಯ ಮೇಲೆ ಒರಗಿದ. ಬಾವ್ ದೀಪವನ್ನು ಅವನ ಬಾಯಿಯತ್ತ ತಿರುಗಿಸಿದ. ದೊಡ್ಡ ಡ್ರ್ಯಾಗನ್ ವಿಷಯಕ್ಕೆ ಮಿನ್ ಜಗಳಕ್ಕೇ ಬಂದಿದ್ದಾನೆಂದು ಬಾವ್‌ಗೆ ಒಳಗೊಳಗೇ ಅಳುಕು.

“ಯಾವ ಹಲ್ಲು, ಮಿನ್ ಅಣ್ಣ?”

“ಮೊದ್ಲು ಬಾಗ್ಲು ಹಾಕು,” ಎಂದ ಮಿನ್. “ಆ ನಿನ್ನ ಭೂತಗನ್ನಡಿ ಎಲ್ಲಿ?”