ಅನ್ಸೆಲ್ಮನ ಕಾರಿಗೆ ಎರಡು ಫ್ಯಾನು

ಈಸ್ಟರ್ ಹಬ್ಬಕ್ಕೆ ಇನ್ನೆರಡು ವಾರ ಇದ್ದಾಗ, ವಾಗಡೂಗು ನಗರದ ಒಂದು ಚರ್ಚಿನ ಹಿಂದಿರುವ ಸಿಮೆಂಟಿನ ಅಂಗಳದಲ್ಲಿ ಅನ್ಸೆಲ್ಮ್ ಟೋಯೆಯ ಕಾರು ಆರನೇ ಸುತ್ತಿಗೆ ಹೊಗೆಯಾಡಿ ನಿಂತಿತು. ಮೊಳದುದ್ದದ ಕಾರು. ಅದನ್ನು ಯಾರಾದರೂ ಆಟದ ಸಾಮಾನು ಎಂದರೆ ಅವನು ಹುಬ್ಬು ಗಂಟಿಕ್ಕುತ್ತಿದ್ದ. ಐವತ್ತಾರು ವರ್ಷದ ಮನುಷ್ಯ. ಭಾನುವಾರದ ಪೂಜೆ ಮುಗಿದದ್ದೇ ಒಳ್ಳೆಯ ಅಂಗಿ ಕಳಚಿಟ್ಟು ರಿಮೋಟ್ ಹಿಡಿದನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ.

ಓಡಿಹೋಗಿ ಕಾರನ್ನೆತ್ತಿ ಮೋಟರಿಗೆ ಬೆರಳು ತಾಗಿಸಿದ. ತಾಗಿಸಿದ ಬೆರಳು ನೆಟ್ಟಗೆ ಬಾಯಿಗೆ ಹೋಯಿತು.

"ಉಪ್ಪು ಸಾಕಾ?" ಪೆಲಾಜಿ ಜುಂಗ್ರಾನಾ ತನ್ನ ಕಾರಿನ ರಿಮೋಟ್ ಹಿಡಿದುಕೊಂಡೇ ಅಂಗಳದ ಆ ಬದಿಯಿಂದ ಕೂಗಿದಳು. "ಸಾಮೊ ಜನ ಎಲ್ಲಿ ಹೋದ್ರೂ ಒಲೆ ಹಚ್ಚದೆ ಬಿಡಲ್ಲ ನೋಡಿ! ನಾಯಿ ಎಲ್ಲಿ ಕಟ್ಟಿದೀಯೋ, ಅದನ್ನೂ ತಾ, ಬೇಯಿಸೋಣ."

"ನಿಮ್ಮಜ್ಜ ಕುದುರೆ ಮೇಲಿಂದ ಬಿದ್ದು ಹಲ್ಲು ಮುರ್ಕೊಂಡಾಗ ಗಂಜಿ ಕಾಯಿಸಿದ್ದು ಇದೇ ಒಲೇಲಿ ಕಣಮ್ಮಾ," ಎಂದ ಅನ್ಸೆಲ್ಮ್, ಬೆರಳು ಬಾಯಲ್ಲಿಟ್ಟುಕೊಂಡೇ.

ಪೆಲಾಜಿ ಔಷಧದ ಅಂಗಡಿ ನಡೆಸುವವಳು, ಮೊಸಿ ಕುಲದ ಹೆಂಗಸು. ಅವನು ಸಾಮೊ. ಈ ಎರಡು ಕುಲಗಳ ನಡುವೆ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನೆಂಟಸ್ತಿಕೆ. ಸಾವಿನ ಮನೆಯಲ್ಲೂ ಒಬ್ಬರನ್ನೊಬ್ಬರು ಆಳು, ಜೀತದವ ಎಂದು ಹಂಗಿಸಬಹುದು, ಹಂಗಿಸಿಕೊಂಡವರು ಸಿಟ್ಟಾಗುವಂತಿಲ್ಲ. ಗೇಲಿಯ ನೆಂಟರು ಬಾಯಿಬಿಟ್ಟು ಏನಾದರೂ ಕೇಳಿದರೆ ಇಲ್ಲ ಎನ್ನುವಂತೆಯೂ ಇಲ್ಲ. ಸಾಮೊಗಳು ನಾಯಿ ತಿನ್ನುವವರು, ಮೊಸಿಗಳು ಕುದುರೆಯಿಂದ ಬೀಳುವವರು ಎನ್ನುವುದು ಹಳೇ ಗೇಲಿ. ಹಾಗಾಗಿ ನಾಯಿ, ಒಲೆ, ಅಜ್ಜ, ಕುದುರೆ ಯಾವುದೂ ಅನ್ಸೆಲ್ಮನಿಗೆ ತಾಗುತ್ತಿರಲಿಲ್ಲ. ತಾಗಿದ್ದು ಆಮೇಲಿನ ಮಾತು.

"ಊರವರ ಫ್ರಿಜ್ಜೆಲ್ಲ ತಣ್ಣಗೆ ಮಾಡ್ತಾನಂತೆ ಈ ಪುಣ್ಯಾತ್ಮ. ನಿಂಬೆಹಣ್ಣಿನಷ್ಟು ಮೋಟರು ತಣ್ಣಗೆ ಮಾಡೋ ಯೋಗ್ಯತೆ ಇಲ್ಲ!"

ಅದು ನಿಜವೇ ಆಗಿತ್ತು. ಫ್ರಿಜ್ ರಿಪೇರಿಯಲ್ಲಿ ಅನ್ಸೆಲ್ಮನ ಕೈಗೆ ಮೂವತ್ತು ವರ್ಷದ ಹೆಸರು. ಮಾಂಸದಂಗಡಿಯವರು, ಮೀನಿನವರು, ಕಾನ್ವೆಂಟಿನ ಸಿಸ್ಟರುಗಳು ಎಲ್ಲರೂ ಅವನ ಬಾಗಿಲಿಗೇ ಬರುತ್ತಿದ್ದರು. ಅಂಥವನ ಸ್ವಂತ ಮೋಟರು ಏಪ್ರಿಲ್ ಬಿಸಿಲಿಗೆ ಐದು ನಿಮಿಷ ತಾಳುತ್ತಿರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ನಿಂಬೆಹಣ್ಣು ಅವನ ಹಲ್ಲು ಚುಳ್ಳೆನ್ನಿಸಿತು.

ಮರುದಿನ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಎರಡು ಹಳೆ ಲ್ಯಾಪ್‌ಟಾಪುಗಳ ಹೊಟ್ಟೆ ಸೀಳಿ ಅಂಗೈಯಗಲದ ಎರಡು ಫ್ಯಾನು ತೆಗೆದ. ಟೊಮೇಟೊ ಡಬ್ಬಿಯ ತಗಡು ಕತ್ತರಿಸಿ, ಮಡಿಸಿ, ಅದರಲ್ಲಿ ಫ್ಯಾನುಗಳನ್ನು ಮೋಟರಿನ ಎಡಕ್ಕೊಂದು ಬಲಕ್ಕೊಂದು ಕೂರಿಸಿದ. ವೈರುಗಳನ್ನು ರಿಮೋಟಿನ ಅಪ್ಪಣೆ ಹಿಡಿಯುವ ರಿಸೀವರಿಗೆ ಸಿಕ್ಕಿಸಿದ. ಫ್ಯಾನುಗಳು ಜೇನುನೊಣದಂತೆ ಗುಂಯ್‌ಗುಟ್ಟಿದವು. ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಮನೆಯಂಗಳದಲ್ಲಿ ಐದು ನಿಮಿಷ ನೆಟ್ಟಗೆ ಹಿಂದೆ ಮುಂದೆ ಓಡಿಸಿ ಮುಟ್ಟಿ ನೋಡಿದ. ಇನ್ನೊಂದು ಬೆರಳೂ ಬಾಯಿಗೆ ಹೋಯಿತು.

ಹೆಂಡತಿ ಒನೊರಿನ್ ಬೆಂಡೆಕಾಯಿ ಹೆಚ್ಚುತ್ತ ಕೂತು ಇದನ್ನೆಲ್ಲ ನೋಡುತ್ತಿದ್ದಳು.

"ಏನ್ರೀ, ಆ ಗಾಳಿ ಹೊರಗೆ ಹೋಗೋದು ಎಲ್ಲಿಂದ?"

"ಯಾವ ಗಾಳಿ?"

"ಬಿಸಿ ಗಾಳಿ. ನಮ್ಮಡುಗೆಮನೆಗೆ ಕಿಟಕಿ ಇಡ್ಸೋ ಮುಂಚೆ ನಾನು ಬೀಸಣಿಗೆ ಬೀಸಿದಷ್ಟೂ ಹೊಗೆ ನನ್ನ ಕಣ್ಣಿಗೇ ಬರ್ತಿರಲಿಲ್ವಾ? ಮುಚ್ಚಿಟ್ಟ ಪಾತ್ರೆ ಒಳಗೆ ಬೀಸಿದ್ರೆ ಏನು ಬಂತು?"

ಅನ್ಸೆಲ್ಮ್ ಮುಚ್ಚಳವನ್ನು ತಿರುಗಿಸಿ ನೋಡಿದ. ಬ್ಲೇಡು ಹುಡುಕಲು ಎದ್ದುಹೋದ. ಮುಚ್ಚಳದ ಮುಂದೆ ಎರಡು, ಹಿಂದೆ ಮೂರು ಕಂಡಿ ಕೊರೆದು ಮತ್ತೆ ಹಾಗೇ ಓಡಿಸಿದ. ಈ ಸಲ ಬೆರಳನ್ನು ಮೋಟರಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಇಡಲಾಯಿತು. ಖುಷಿಗೆ ಹೆಂಡತಿಯನ್ನು ಕರೆದು ಅವಳ ಬೆರಳನ್ನೂ ಇಡಿಸಿದ. ಲೋಳೆ ಹತ್ತಿದ ಬೆರಳು. ಮೋಟರಿಗೆ ಬೆಂಡೆಕಾಯಿ ವಾಸನೆ ಅಂಟಿಕೊಂಡಿತು.

ಈಸ್ಟರ್ ಸೋಮವಾರ ದೊಡ್ಡ ಪಂದ್ಯ. ಚರ್ಚಿನ ಅರ್ಧ ಜನ ಮಾವಿನ ಮರದ ನೆರಳಿನಲ್ಲಿ ಬೆಂಚು ಹಾಕಿಕೊಂಡು ಕೂತಿದ್ದರು. ಬೆಳಗಿನ ಓಟದಲ್ಲಿ ಅನ್ಸೆಲ್ಮನ ಕಾರು ಮೊದಲ ನೇರ ದಾರಿಯಲ್ಲಿ ಎಲ್ಲರನ್ನೂ ಹಿಂದಿಕ್ಕಿತು. ತಿರುವು ಬಂತು. ಮುಂದಿನ ಗಾಲಿ ಪೂರ್ತಿ ತಿರುಗಿಸಿದ್ದೇ ತಡ, ಕಾರು ಸತ್ತಂತೆ ನಿಂತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಜೀವ ಬಂತು. ಮುಂದಿನ ತಿರುವಿನಲ್ಲಿ ಮತ್ತೆ ಸತ್ತಿತು. ಹೀಗೆ ಸಾಯುತ್ತ ಹುಟ್ಟುತ್ತ ಕೊನೆಯದಾಗಿ ಹೇಗೋ ಅಂತಿಮ ಓಟಕ್ಕೆ ಸೇರಿತು.

"ನಿನ್ನ ಕಾರಿಗೆ ಮೂರ್ಛೆ ರೋಗ," ಎಂದಳು ಪೆಲಾಜಿ. "ನನ್ನಂಗಡಿಗೆ ಕರ್ಕೊಂಡು ಬಾ, ಮಾತ್ರೆ ಕೊಡ್ತೀನಿ."

ಮಾತು ಹಾಗಿದ್ದರೂ ಅವಳ ಮುಖದಲ್ಲಿ ಗೆಲುವಿರಲಿಲ್ಲ. ಅಂದು ನಲವತ್ತಮೂರು ಡಿಗ್ರಿ. ಅವಳ ಮೋಟರೂ ಸುಟ್ಟ ವಾಸನೆ ಹೊಡೆಯುತ್ತಿತ್ತು. ಐಸ್ ಪೊಟ್ಟಣ ಇಟ್ಟಳು, ಕರಗಿತು. ಒದ್ದೆ ಬಟ್ಟೆ ಸುತ್ತಿದಳು, ಅದೂ ಬಿಸಿಯಾಯಿತು. ಅಂತಿಮ ಓಟಕ್ಕೆ ಕಾಲು ಗಂಟೆ ಇದೆ ಎನ್ನುವಾಗ ಕಾರನ್ನು ಕಂಕುಳಲ್ಲಿಟ್ಟುಕೊಂಡು ಅನ್ಸೆಲ್ಮನ ಎದುರು ಬಂದು ನಿಂತಳು.

"ಲೋ ಆಳೇ, ನಿನ್ನ ಹತ್ರ ಎರಡು ಫ್ಯಾನಿದೆ. ಒಡತಿಗೆ ಒಂದು ಕೊಡು."

"ಇವತ್ತಾ?"

"ಮತ್ತೆ? ಕ್ರಿಸ್‌ಮಸ್‌ಗೆ ಕೊಟ್ಟು ಏನು ಪ್ರಯೋಜನ?"

ಬೆಂಚಿನ ಮೇಲಿದ್ದವರೆಲ್ಲ ಕಿವಿ ನಿಮಿರಿಸಿದರು. ಮೊಸಿ ಕೇಳಿದ್ದಾಳೆ, ಸಾಮೊ ಏನು ಮಾಡುತ್ತಾನೆ? ಅನ್ಸೆಲ್ಮ್ ಆಕಾಶ ನೋಡಿದ, ಕಾರು ನೋಡಿದ, ಒನೊರಿನ್‌ಳನ್ನು ನೋಡಿದ. ಅವಳು ಸೆರಗಿಲ್ಲದ ಊರಿನಲ್ಲಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿ ನಗುತ್ತಿದ್ದಳು. ಕರುಳು ಕಿತ್ತು ಕೊಡುವವನಂತೆ ಎಡಗಡೆಯ ಫ್ಯಾನು ಬಿಚ್ಚಿಕೊಟ್ಟ.

"ನೀನೇ ಕೂರಿಸಿಕೊಡು. ನನಗೇನು ಗೊತ್ತು?"

ಅದನ್ನೂ ಮಾಡಿದ. ಅವಳ ಕಾರಿನ ಮುಚ್ಚಳಕ್ಕೆ ಕಂಡಿ ಕೊರೆಯುವಾಗ ಬ್ಲೇಡು ಕೊಂಚ ಜೋರಾಗಿ ಎಳೆದಿರಬಹುದು. ಆದರೆ ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದ. ಕೆಟ್ಟ ಕೆಲಸ ಮಾಡಲು ಅವನ ಕೈಗೆ ಬರುತ್ತಿರಲಿಲ್ಲ.

ಓಟ ಶುರುವಾಯಿತು. ಇದ್ದ ಎರಡು ಫ್ಯಾನಿನಲ್ಲಿ ಒಂದು ಅವಳ ಪಾಲಾಯಿತು, ಇನ್ನು ಸುಟ್ಟೇ ಹೋಗುತ್ತದೆ ಎಂದು ಅನ್ಸೆಲ್ಮ್ ಆಸೆ ಬಿಟ್ಟು ನಿಂತಿದ್ದ. ಮೊದಲ ತಿರುವು ಬಂತು. ಕಾರು ನಿಲ್ಲಲಿಲ್ಲ. ಎರಡನೆಯದು, ಮೂರನೆಯದು, ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಏಳನೇ ಸುತ್ತಿನಲ್ಲಿ ಅವನಿಗೆ ಇದ್ದಕ್ಕಿದ್ದಂತೆ ಹೊಳೆದು, "ಅಯ್ಯೋ ಕತ್ತೆ!" ಎಂದು ತನ್ನನ್ನೇ ಬೈದುಕೊಂಡ. ಒಂದೇ ತೆಳು ವೈರಿಗೆ ಎರಡು ಫ್ರಿಜ್ ಸಿಕ್ಕಿಸಬೇಡಿ, ಎರಡೂ ಒಟ್ಟಿಗೆ ಎದ್ದರೆ ಕರೆಂಟು ಕುಸಿಯುತ್ತದೆ ಎಂದು ಮೂವತ್ತು ವರ್ಷದಿಂದ ಮನೆಮನೆಗೆ ಹೋಗಿ ಹೇಳಿದವನು ಅವನೇ. ಎರಡು ಫ್ಯಾನು ಸೇರಿ ರಿಸೀವರಿನ ಕರೆಂಟು ಹೀರಿದ್ದವು. ಗಾಲಿ ತಿರುಗಿಸಹೋದರೆ ಅದಕ್ಕೆ ಉಸಿರೇ ಉಳಿದಿರಲಿಲ್ಲ. ತಣ್ಣಗಿಡಲು ಒಂದೇ ಸಾಕಾಗಿತ್ತು.

ಹತ್ತು ನಿಮಿಷದ ಓಟ ಮುಗಿದಾಗ ಅನ್ಸೆಲ್ಮ್ ಮೊದಲು, ಅವನ ಬೆನ್ನಿಗೇ ಪೆಲಾಜಿ. ಉಳಿದವರ ಕಾರುಗಳು ಅಲ್ಲಲ್ಲಿ ಹೊಗೆ ಕಾರುತ್ತ ಬಿದ್ದಿದ್ದವು. ಐದು ವರ್ಷದಲ್ಲಿ ಅವನ ಮೊದಲ ಗೆಲುವು. ಜನ ಅವನ ಬೆನ್ನು ತಟ್ಟಿ ತಟ್ಟಿ ನೋಯಿಸಿದರು.

ಒನೊರಿನ್ ತಂದ ಮುದ್ದೆ, ಬೆಂಡೆಕಾಯಿ ಸಾರಿನ ಮುಂದೆ ಮೂವರೂ ಕೂತಾಗ ಅನ್ಸೆಲ್ಮ್ ಗುಟ್ಟನ್ನು ನುಂಗಿಬಿಡುವುದೆಂದು ತೀರ್ಮಾನಿಸಿದ್ದ. ಹೇಳಿದರೆ ಇವಳು ಸಾಯುವತನಕ ಬಿಡುವುದಿಲ್ಲ. ಆದರೆ ಪೆಲಾಜಿ ಕೈ ತೊಳೆದು ಬಂದವಳು ಗೇಲಿ ಬಿಟ್ಟು ಮೆಲುದನಿಯಲ್ಲಿ ಹೇಳಿದಳು:

"ಅನ್ಸೆಲ್ಮ್, ತಮಾಷೆ ಅಲ್ಲ. ನಿನಗೆ ಬೇಕಾಗಿದ್ದನ್ನೇ ತೆಗೆದುಕೊಟ್ಟೆ. ಬೇರೆ ಯಾರೂ ಕೊಡ್ತಿರಲಿಲ್ಲ. ನಿನ್ನ ಉಪಕಾರ ಮರೆಯಲ್ಲ."

ಮೂವತ್ತು ಬೈಗುಳ ಸಲೀಸಾಗಿ ನುಂಗುವವನಿಗೆ ಈ ಒಂದು ಮಾತು ನುಂಗಲಾಗಲಿಲ್ಲ. ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದ. ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. ಎರಡನೇ ಫ್ಯಾನೇ ರೋಗ, ಅದನ್ನು ಅವಳು ಕೇಳಿ ತೆಗೆದುಕೊಳ್ಳದಿದ್ದರೆ ತಾನು ಮೊದಲ ತಿರುವು ದಾಟುತ್ತಿರಲಿಲ್ಲ ಎಂದ.

ಪೆಲಾಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ದೇವರೇ! ಗೊತ್ತಿಲ್ಲದೆ ಒಬ್ಬ ಸಾಮೊಗೆ ಒಳ್ಳೇದು ಮಾಡ್ಬಿಟ್ಟೆನಲ್ಲ! ನಾಳೇನೇ ಪಾದ್ರಿ ಹತ್ರ ಹೋಗಿ ಪಾಪ ಒಪ್ಕೋಬೇಕು."

ಒನೊರಿನ್‌ಗೆ ಸಾರು ನೆತ್ತಿಗೇರಿತು. ಅನ್ಸೆಲ್ಮ್ ಅವಳ ಬೆನ್ನು ಸವರುತ್ತ, ತಾನೂ ನಗುತ್ತ, ಪೆಲಾಜಿಯ ತಟ್ಟೆಗೆ ಇನ್ನೊಂದು ತುತ್ತು ಮುದ್ದೆ ಹಾಕಿದ.