ಕೋಲಿನಾಚೆಯ ಮನುಷ್ಯ

ಮಾತನಾಡುತ್ತ ಯಾರಾದರೂ ಒಂದು ಹೆಜ್ಜೆ ಮುಂದೆ ಬಂದರೆ ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹೊಸಬರು ಇದನ್ನು ಸೊಕ್ಕು ಎಂದುಕೊಳ್ಳುತ್ತಿದ್ದರು. ವಿಷದ ಹಾವುಗಳ ಚಿತ್ರ ತೆಗೆಯುವ ಮನುಷ್ಯ ಇಷ್ಟು ವರ್ಷ ಬದುಕಿ ಉಳಿದಿರುವುದು ಆ ಹಿಂದಿನ ಹೆಜ್ಜೆಯಿಂದಲೇ ಎಂಬುದು ನಮ್ಮ ಪ್ರಯೋಗಾಲಯದವರಿಗೆ ಮಾತ್ರ ಗೊತ್ತಿತ್ತು. ನಾವು ಅವರನ್ನು ಕೋಲಣ್ಣ ಎನ್ನುತ್ತಿದ್ದೆವು.

ಹಾವಿನ ಕಡಿತಕ್ಕೆ ಮದ್ದು ತಯಾರಿಸುವ ಪ್ರಯೋಗಾಲಯ ಅದು. ಆಸ್ಪತ್ರೆಯ ಗೋಡೆಗಳಿಗಾಗಿ ನಾವು ಸಿದ್ಧಪಡಿಸುತ್ತಿದ್ದ ಚಿತ್ರಪಟದಲ್ಲಿ ಚಿತ್ರಗಳು ಅವರವು, ಕೆಳಗಿನ ವಿವರಣೆ ನನ್ನದು. ಕಚ್ಚಿದ್ದು ಯಾವ ಹಾವೆಂದು ವೈದ್ಯರು ಅದನ್ನು ನೋಡಿ ಗುರುತಿಸಬೇಕಾದ್ದರಿಂದ, ತಲೆಯ ಮೇಲಿನ ಒಂದೊಂದು ಹುರುಪೆಯೂ ಎಣಿಸುವಷ್ಟು ಸ್ಪಷ್ಟವಾಗಿರಬೇಕಿತ್ತು.

ಹಾವು ಬರುವ ಮೊದಲು ಅವರು ಖಾಲಿ ಕೋಣೆಯ ಬಾಗಿಲಡಿಯ ಸಂದಿಗೆ ಬಟ್ಟೆ ತುರುಕುವರು. ಹಾವಿನ ಮೈಗಿಂತ ಉದ್ದವಾದ ಬಿದಿರುಕೋಲನ್ನು ನೆಲದ ಮೇಲಿಟ್ಟು, ಅದರ ಈಚೆ ತುದಿಯಲ್ಲಿ ಕ್ಯಾಮೆರಾ ನಿಲ್ಲಿಸುವರು. ಅಷ್ಟು ದೂರದಿಂದಲೇ ಕಣ್ಣಪಾಪೆಯನ್ನೂ ಹತ್ತಿರ ತರುವ ಉದ್ದನೆಯ ಲೆನ್ಸು ಅವರದು. ಆಚೆ ತುದಿಯಲ್ಲಿ ಹಾವಿನ ಮೇಲೆ ಬೋಗುಣಿ ಕವುಚಿ, ಕತ್ತಲಲ್ಲಿ ಅದು ಸುರುಳಿ ಸುತ್ತಿ ಸುಮ್ಮನಾಗುವವರೆಗೆ ಕಾಯುವರು. ಆಮೇಲಷ್ಟೇ ಉದ್ದ ಕೊಕ್ಕೆಯಿಂದ ಬೋಗುಣಿ ಸರಿಸುವುದು.

“ಚಿತ್ರ ನೋಡೋನು ಬೇರೆ, ಹಾವು ನೋಡೋನು ಬೇರೆ,” ಎನ್ನುವುದು ಅವರ ಕಟ್ಟಳೆ. ಹಾವು ನೋಡುವ ಕೆಲಸ ಅವರ ಬಾಮೈದನದು. ದಪ್ಪ ಮೈಯ, ಸದಾ ನಗುವ ಮನುಷ್ಯ. ಅಲ್ಲಿನ ಹಾವುಗಳನ್ನು ನೋಡಿಕೊಳ್ಳುತ್ತಿದ್ದ ಅಕ್ಕ, ಎಂದರೆ ಕೋಲಣ್ಣನ ಹೆಂಡತಿ, ಅವನ ಕೈಗೆ ಕೊಕ್ಕೆ ಕೊಟ್ಟು ಕಲಿಸಿದ್ದರು.

“ಭಾವ, ನಿಮಗಿಂತ ಇದೇ ವಾಸಿ. ಒಂದ್ಸಲ ಬುಸ್ ಅಂದು ಸುಮ್ಮನಾಗುತ್ತೆ.”

“ಅಲ್ಲೇ ಇರು. ಬಾಯಿ ಮುಚ್ಚು.”

‘ಅಲ್ಲೇ ಇರು’ ಎಂಬುದು ಕೋಲಣ್ಣನ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ ಫೋನಿನಲ್ಲೂ ಹಾಗೇ ಅನ್ನುವರು. “ಫೋನಲ್ಲಿ ನಾನೆಲ್ಲಿಗೆ ಬರ್ಲಿ ಹೇಳಿ?” ಎಂದು ಹೆಂಡತಿ ಛೇಡಿಸುವರು.

ಕೊಳಕುಮಂಡಲದ ತಲೆಯ ಒಂದು ಚಿತ್ರ ಮಾತ್ರ ತಿಂಗಳುಗಟ್ಟಲೆ ಕೈಗೆ ಸಿಕ್ಕಿರಲಿಲ್ಲ. ತೆಗೆದಾಗಲೆಲ್ಲ ಎಲ್ಲೋ ಒಂದು ಕಡೆ ಮಸುಕು. ಒಂದು ಮಧ್ಯಾಹ್ನ ಹಾವು ಹಗ್ಗದಂತೆ ಬಿದ್ದುಕೊಂಡಿತ್ತು. ಕೋಲಣ್ಣ ಗುಂಡಿ ಒತ್ತಿ ಕ್ಯಾಮೆರಾದ ಬೆನ್ನಿನ ಪರದೆ ನೋಡಿದರು. ಹುರುಪೆ ಹುರುಪೆಯೂ ಬಿಡಿಬಿಡಿಯಾಗಿ ಮೂಡಿತ್ತು. ಜೀವಮಾನವಿಡೀ ‘ಅಲ್ಲೇ ಇರು’ ಎಂದ ಮನುಷ್ಯ ಆವತ್ತು ಕೂಗಿದರು:

“ಲೋ, ಬಾರೋ ಇಲ್ಲಿ! ನೋಡೋ ಇದನ್ನ!”

ಬಾಮೈದ ಬಂದು ಕೊಕ್ಕೆಯನ್ನು ಪಕ್ಕದಲ್ಲೇ ನೆಲದ ಮೇಲಿಟ್ಟ. ಇಬ್ಬರೂ ಪರದೆಯ ಮೇಲೆ ಬಾಗಿದರು. “ಅಬ್ಬಬ್ಬಾ! ಕೊನೆಗೂ ಹೊಡೆದ್ರಲ್ಲ ಭಾವ!” ಎಂದು ನಕ್ಕವನು, ನಗುತ್ತಲೇ, ಪರದೆಯ ಮೇಲಿನ ಕಣ್ಣು ಕೀಳದೆ ಕೊಕ್ಕೆಗೆ ಕೈ ಚಾಚಿದ. ಹಾವು ಅಷ್ಟರಲ್ಲಿ ಕೊಕ್ಕೆಯ ಪಕ್ಕಕ್ಕೆ ಬಂದಿತ್ತು.

ಮದ್ದು ಪಕ್ಕದ ಕೋಣೆಯ ಫ್ರಿಜ್ಜಿನಲ್ಲೇ ಇತ್ತು. ಕೊಡುವುದೂ ತಡವಾಗಲಿಲ್ಲ. ಆದರೂ ಮೂತ್ರಪಿಂಡಗಳು ಸೋತವು. ಮದ್ದು ಎಲ್ಲರನ್ನೂ ಉಳಿಸುವುದಿಲ್ಲವೆಂಬುದು ನಮಗೆಲ್ಲ ಅಂಕಿಗಳಲ್ಲಿ ಗೊತ್ತಿತ್ತು. ಆ ವಾರ ಅಂಕಿಗೆ ಒಂದು ಮುಖ ಬಂತು.

ಕೋಲಣ್ಣ ಕೆಲಸಕ್ಕೆ ಮರಳಿದಾಗ ಕ್ಯಾಮೆರಾದ ಪರದೆಗೆ ಕಪ್ಪು ಟೇಪು ಅಂಟಿಸಿದ್ದರು. ಆಮೇಲೆ ಅವರ ಬಾಯಲ್ಲಿ ‘ಬಾ’ ಎಂಬ ಮಾತನ್ನು ನಾನು ಕೇಳಲಿಲ್ಲ. ಆ ಚಿತ್ರವನ್ನು ಕೊಡಲೂ ಇಲ್ಲ. ನಾವು ಕೇಳಲಿಲ್ಲ, ಚಿತ್ರಪಟದಲ್ಲಿ ಕೊಳಕುಮಂಡಲದ ಜಾಗ ಬಿಳಿಯಾಗಿಯೇ ಉಳಿಯಿತು. ಹಾವು ಕಾಯಲು ಅವರ ಜೊತೆ ನಿಲ್ಲಲು ಯಾರಿಗೂ ಧೈರ್ಯವಿರಲಿಲ್ಲ. ಕೋಲಣ್ಣ ಒಬ್ಬರೇ ಚಿತ್ರ ತೆಗೆಯಲು ಹೊರಟರು. ಹಾಗೆ ಬಿಟ್ಟರೆ ಎರಡನೆಯ ಸಾವು ಖಂಡಿತವೆಂದು ನನಗನ್ನಿಸಿತು. ಅದನ್ನೇ ಅವರು ಬಯಸುತ್ತಿದ್ದಾರೇನೋ ಎಂದೂ ಅನ್ನಿಸಿತು.

ಅಂದು ಬಾಗಿಲು ತೆರೆದು ಬಂದವರು ಅವರ ಹೆಂಡತಿ. ತಮ್ಮನ ಬೂಟುಗಳನ್ನೇ ಹಾಕಿಕೊಂಡಿದ್ದರು. ದೊಡ್ಡವಾದ್ದರಿಂದ ತುದಿಗೆ ಬಟ್ಟೆ ತುರುಕಿದ್ದರು. ಸಾವಿನ ನಂತರ ಗಂಡನೊಡನೆ ಆಕೆ ಆಡಿದ ಮೊದಲ ಮಾತು ಅದಿರಬೇಕು:

“ನಾನು ನಿಲ್ತೀನಿ.”

“ನೀನು ಬೇಡ ಕಣೆ.”

“ನೀವು ಕರೆದ್ರೂ ನಾನು ತಿರುಗಲ್ಲ.”

ತಿರುಗಲೂ ಇಲ್ಲ. ಬೋಗುಣಿ ಸರಿಸಿದ್ದರಿಂದ ಹಿಡಿದು ಹಾವು ಮತ್ತೆ ಪೆಟ್ಟಿಗೆ ಸೇರುವವರೆಗೆ ಆ ಕಣ್ಣುಗಳು ಒಮ್ಮೆಯೂ ಗಂಡನತ್ತ ಹೊರಳಲಿಲ್ಲ. ಇದು ಕ್ಷಮೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ಕೋಲಣ್ಣ ಬದುಕಿದ್ದು ಅದರಿಂದ ಎಂಬುದಷ್ಟೇ ಗೊತ್ತು.

ಹೊರಗೆ ಬಂದ ಮೇಲೆ ಆಕೆ ನನ್ನ ಮೇಜಿನ ಮೇಲೆ ಕ್ಯಾಮೆರಾದ ಹಳೆಯ ಕಾರ್ಡೊಂದನ್ನು ಇಟ್ಟರು. “ಅವತ್ತಿನದು. ಗೋಡೆಗೆ ಹಾಕಿ. ಚೆನ್ನಾಗಿ ಬಂದಿದೆ ಅಂತ ತಾನೇ ನನ್ನ ತಮ್ಮ ಅದರಿಂದ ಕಣ್ಣು ತೆಗೀಲಿಲ್ಲ.” ಕೋಲಣ್ಣ ಬಾಗಿಲಲ್ಲಿ ನಿಂತಿದ್ದರು. ಬೇಡವೆನ್ನಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು.

ಇಂಥ ಕೆಲಸ ಮಾಡುವವರನ್ನು ನಾವು ಧೈರ್ಯವಂತರೆನ್ನುತ್ತೇವೆ. ನಾನು ಕಂಡಂತೆ ಅವರು ಭಯವನ್ನು ಕೋಲಿನಂತೆ ನೇರವಾಗಿ ನೆಲದ ಮೇಲಿಟ್ಟುಕೊಂಡು ಬದುಕುವವರು. ಆ ಭಯ ಅವರನ್ನು ವರ್ಷಗಟ್ಟಲೆ ಕಾಯುತ್ತದೆ. ಅದು ಕೈಬಿಡುವುದು ಸಂತೋಷದ ಗಳಿಗೆಯಲ್ಲಿ, ಕಂಡದ್ದನ್ನು ತಮ್ಮವರಿಗೊಮ್ಮೆ ತೋರಿಸಬೇಕೆನಿಸಿದಾಗ. ಈಗ ಆ ಚಿತ್ರ ಅನೇಕ ಆಸ್ಪತ್ರೆಗಳ ಗೋಡೆಯ ಮೇಲಿದೆ. ನೋಡುವವರು ಹುರುಪೆ ಎಣಿಸಲು ಮುಖ ಹತ್ತಿರ ತರುತ್ತಾರೆ, ಅಂದು ಅವನು ಪರದೆಯ ಮೇಲೆ ಬಾಗಿದ ಹಾಗೆಯೇ.